ದಿಶಾಳ ಕೈಯಲ್ಲಿ ಚಂದವ್ವನ ಸೆರಗು

ಬೆಳಗಿನ ಆರೂಕಾಲು. ಮುಂಬೈ ಪಕ್ಕದ ಡೊಂಬಿವಲಿ ಪೂರ್ವದ ಸೊಸೈಟಿಯೊಂದರ ಗೇಟಿನೆದುರು ಹಳದಿ ವ್ಯಾನು ನಿಂತಿದೆ. ಒಳಗೆ ಐವತ್ಮೂರರ ಚಂದವ್ವ ಒದ್ದೆ ಬಟ್ಟೆಯಲ್ಲಿ ಸೀಟು ಒರೆಸುತ್ತಿದ್ದಾರೆ. ಬರೀ ನೀರು, ಫಿನಾಯಿಲ್ ವಾಸನೆ ಬಂದರೆ ಸಮಿತ್ ಎಂಬ ಹುಡುಗ ವ್ಯಾನು ಹತ್ತುವುದಿಲ್ಲ. ಚಾಲಕ ಮುರಾರಿ ಹಾರ್ನ್ ಒತ್ತುವಂತಿಲ್ಲ, ಹಾಡು ಹಾಕುವಂತಿಲ್ಲ. ಇಬ್ಬರ ಕಣ್ಣೂ ಲಿಫ್ಟಿನ ಬಾಗಿಲ ಮೇಲಿದೆ. ಚಂದವ್ವನ ಬಗ್ಗೆ ಬರೆಯಲು ಬಂದ ನಾನೂ ಪಕ್ಕದಲ್ಲಿ ಕೂತು ಅತ್ತಲೇ ನೋಡುತ್ತಿದ್ದೇನೆ.

ಏಳು ವರ್ಷದ ದಿಶಾಳಿಗೆ ಆಟಿಸಂ ಇದೆ. ಕೋಪರಖೈರಣೆಯಲ್ಲಿ ಇಂಥ ಮಕ್ಕಳಿಗಾಗಿಯೇ ಇರುವ ಖಾಸಗಿ ಪ್ರಾಥಮಿಕ ಶಾಲೆಯಲ್ಲಿ ಅವಳ ಮೂರು ದಿನದ ಟ್ರಯಲ್ ಇಂದು ಮುಗಿಯುತ್ತದೆ. ಸೀಟು ಉಂಟೋ ಇಲ್ಲವೋ ಇಂದೇ ಗೊತ್ತಾಗಬೇಕು. ಆ ಶಾಲೆಯ ವ್ಯಾನಿನಲ್ಲಿ ಮಕ್ಕಳನ್ನು ನೋಡಿಕೊಳ್ಳುವವರು ಚಂದವ್ವ. ಮಕ್ಕಳಿಗೂ ತಾಯಂದಿರಿಗೂ ಅವರು ಬರೀ ‘ಮಾವಶಿ’, ಮರಾಠಿಯಲ್ಲಿ ಚಿಕ್ಕಮ್ಮ. ಪೂರ್ತಿ ಹೆಸರು ಕೇಳಿದವರು ಕಡಿಮೆ.

ಊರು ಸಿಂದಗಿ ಕಡೆ. ಗಂಡ ಯಂಕಪ್ಪ ಅಂಬರನಾಥದ ಕಾರ್ಖಾನೆಯಲ್ಲಿ ಲೋಡಿಂಗ್ ಮಾಡುತ್ತಿದ್ದವರು, ಬೆನ್ನು ಕೈಕೊಟ್ಟ ಮೇಲೆ ಮನೆಯಲ್ಲಿದ್ದಾರೆ. ಚಂದವ್ವ ವ್ಯಾನು ಹತ್ತಿ ಹನ್ನೊಂದು ವರ್ಷವಾಯಿತು. ಮೂರು ಶಾಲೆ ಕಂಡಿದ್ದಾರೆ. ಈಗ ದಿನಕ್ಕೆ ಎರಡು ಸುತ್ತು, ಹನ್ನೊಂದು ಮಕ್ಕಳು. ಶಿಳ್‌ಫಾಟಾದಲ್ಲಿ ಟ್ರಾಫಿಕ್ ಸಿಕ್ಕಿಕೊಂಡರೆ ಒಂದೂವರೆ ಗಂಟೆ, ಅಷ್ಟು ಹೊತ್ತೂ ಮಕ್ಕಳನ್ನು ಸಂಭಾಳಿಸಬೇಕು. ಅಕ್ಷರ ಬಾರದ ಈ ಹೆಂಗಸಿಗೆ ಪದವಿ ಪಡೆದ ಅಪ್ಪ ಅಮ್ಮಂದಿರು ಫೋನ್ ಮಾಡಿ ಯಾವ ಶಾಲೆ ಒಳ್ಳೆಯದು ಎಂದು ಕೇಳುತ್ತಾರೆ.

“ನಾ ಯಾವ ಶಾಲಿ ಹೆಸರೂ ಹೇಳಂಗಿಲ್ಲರೀ,” ಎನ್ನುತ್ತಾರೆ ಚಂದವ್ವ. “ಅವ್ರು ಕರದಾಗ ಹೋಗಬ್ಯಾಡ್ರಿ, ಶಾಲಿ ಬಿಡೂ ಹೊತ್ತಿಗಿ ಗೇಟಿನಾಗ ನಿಲ್ರಿ ಅಂತೀನಿ. ಕೂಸುಗೋಳು ತಾವ ನಡಕೋತ ಬರ್ತಾವೋ, ಯಾರರ ಎಳಕೊಂಡ್ ಬರ್ತಾರೋ, ಅಷ್ಟ ನೋಡ್ರಿ ಸಾಕು.”

ಅವರದೇ ಒಂದು ಪದ್ಧತಿ ಇದೆ. ಮಗುವಿನ ಕೈ ಹಿಡಿಯುವುದಿಲ್ಲ. ಇಳಕಲ್ ಸೀರೆಯ ಸೆರಗಿನ ತುದಿಯನ್ನು ಮಗುವಿನ ಮುಂದೆ ಹಿಡಿದು ಸುಮ್ಮನೆ ನಿಲ್ಲುತ್ತಾರೆ. “ಮುಟ್ಟಿದ್ರ ಕೆಲವಕ್ಕ ಮೈ ಉರದಂಗ ಆಗ್ತೈತಿ. ಕೈ ಹಿಡದ್ರ ಜಗ್ಗತಾವ. ಸೆರಗ ಕೊಟ್ರ ತಾವ ಹಿಡಕೊಂಡ್ ಬರ್ತಾವ.” ಈ ಸೆರಗಿಗೂ ಈಗ ಕುತ್ತು ಬಂದಿದೆ. ಮುಂದಿನ ತಿಂಗಳಿಂದ ಮಾವಶಿಯರೆಲ್ಲ ನೀಲಿ ಪ್ಯಾಂಟು, ಶರ್ಟು ಹಾಕಬೇಕೆಂದು ಶಾಲೆ ಹೇಳಿದೆ.

ಲಿಫ್ಟ್ ಬಾಗಿಲು ತೆರೆಯುತ್ತದೆ. ದಿಶಾಳ ಮಣಿಕಟ್ಟನ್ನು ಬಿಗಿಯಾಗಿ ಹಿಡಿದು ತಾಯಿ ಪ್ರಫುಲ್ಲಾ ಬರುತ್ತಾರೆ. ಮಗುವಿನ ಮಣಿಕಟ್ಟು ಕೆಂಪಾಗಿದೆ. ಇನ್ನೊಂದು ಕೈಯಲ್ಲಿ ಹೊಸದಾಗಿ ತುಂಬಿದ ಫಾರ್ಮ್.

ಫಾರ್ಮಿನ ಕಥೆ ಹೀಗೆ. ಉಡುಪಿ ಕಡೆಯ ಈ ಕುಟುಂಬ ನಾಲ್ಕು ತಿಂಗಳಲ್ಲಿ ಐದು ಶಾಲೆ ಸುತ್ತಿದೆ. ಖಾರಘರದ ಗಾಜಿನ ಕಟ್ಟಡದ ಶಾಲೆಯೊಂದರಲ್ಲಿ ‘ಮಗು ಹೇಳದೆ ಓಡಿಹೋಗುತ್ತದೆಯೇ?’ ಎಂಬ ಪ್ರಶ್ನೆಗೆ ‘ಹೌದು’ ಎಂದು ಬರೆದಿದ್ದರು. ಆಮೇಲೆ ಅಲ್ಲಿಂದ ಫೋನೇ ಬರಲಿಲ್ಲ. ಹಾಗಾಗಿ ಇಲ್ಲಿ ‘ಇಲ್ಲ’ ಎಂದು ಬರೆದರು. ಟ್ರಯಲ್ ದಿನಗಳಲ್ಲಿ ಚೆನ್ನಾಗಿ ನಿದ್ದೆ ಮಾಡಿಸಿ, ಇಷ್ಟದ ನೀರುದೋಸೆ ತಿನ್ನಿಸಿ ಕಳಿಸಿದರು. ಹುಡುಗಿ ನೋಡುವವರ ಮುಂದೆ ಮಗಳನ್ನು ಕೂರಿಸಿದಂತೆ, ಪಾಪ.

ನಿನ್ನೆ ಮಹಾಪೆ ಸಿಗ್ನಲಿನಲ್ಲಿ ದಿಶಾ ಬಾಗಿಲಿನ ಚಿಲಕಕ್ಕೆ ಕೈ ಹಾಕಿದಳು. ಪಕ್ಕದಲ್ಲಿ ಲಾರಿ. ಚಂದವ್ವ ನಡುವೆ ಕೂತಿದ್ದರಿಂದ ಬಚಾವು. ಸಂಜೆ ಪ್ರಫುಲ್ಲಾರ ಬಳಿ ಒಂದೇ ಮಾತು ಹೇಳಿದರಂತೆ: “ಬಾಯಾರ, ಖರೇ ಬರೀರಿ.”

ಹಾಗೆ ಹೇಳಲು ಕಾರಣವಿದೆ. ಆರು ವರ್ಷದ ಹಿಂದೆ, ಅವರು ಆಗ ಕೆಲಸಕ್ಕಿದ್ದ ಬೇರೊಂದು ಶಾಲೆಯ ಹುಡುಗ ಕಲ್ಯಾಣದಲ್ಲಿ ವ್ಯಾನು ಇಳಿದವನೇ ಓಡಿದ. ನಲವತ್ತು ನಿಮಿಷದ ಮೇಲೆ ರೈಲ್ವೆ ಬ್ರಿಜ್ ಮೇಲೆ ಲೋಕಲ್ ನೋಡುತ್ತ ನಿಂತಿದ್ದ. ಅವನ ಫಾರ್ಮಿನಲ್ಲೂ ‘ಇಲ್ಲ’ ಎಂದೇ ಇತ್ತು. “ಆ ನಲವತ್ತ ನಿಮಿಷ ಇನ್ನೂ ಮುಗದಿಲ್ಲರೀ ನನಗ,” ಎನ್ನುತ್ತಾರೆ ಚಂದವ್ವ.

ಈ ಸಲ ‘ಹೌದು’ ಎಂದು ಬರೆದ ಫಾರ್ಮನ್ನು ಪ್ರಫುಲ್ಲಾ ಅವರತ್ತ ಚಾಚುತ್ತಾರೆ. “ನೀವೇ ಕೊಡ್ತೀರಾ ಮಾವಶಿ? ನನ್ನಿಂದ ಆಗುದಿಲ್ಲ. ಇದೂ ಹೋದ್ರೆ ಮತ್ತೆ ಎಲ್ಲಿಗೆ ಹೋಗುದು ಹೇಳಿ?”

“ನಾ ಒಲ್ಲೆ. ನೀವ ಬರ್ರಿ, ಹತ್ರಿ.”

ಪ್ರಫುಲ್ಲಾ ಮಗಳೊಂದಿಗೆ ಹತ್ತುತ್ತಾರೆ. ಕೋಪರಖೈರಣೆಯಲ್ಲಿ ಅಂಗಡಿಗಳ ಮೇಲಿನ ಮಹಡಿಯಲ್ಲಿ ಶಾಲೆ. ಮುಖ್ಯಶಿಕ್ಷಕಿ ನಳಿನಾಕ್ಷಿ ಫಾರ್ಮನ್ನು ಎರಡು ಸಲ ಓದುತ್ತಾರೆ.

“ಮೊದಲು ಯಾಕೆ ಬರೀಲಿಲ್ಲ?”

“ನೀವು ತಕ್ಕೊಳ್ಳುದಿಲ್ಲ ಅಂತ ಹೆದರಿಕೆ ಮೇಡಂ,” ಎನ್ನುತ್ತಾರೆ ಪ್ರಫುಲ್ಲಾ. ಅಳು ಬಂದೇಬಿಡುತ್ತದೆ.

“ಈಗ ಬರೀರಿ ಅಂತ ಹೇಳಿದ್ದು ಯಾರು?”

“ನಾನರೀ,” ಎನ್ನುತ್ತಾರೆ ಬಾಗಿಲಲ್ಲಿ ನಿಂತ ಚಂದವ್ವ. ಪಾಲಕರ ವಿಷಯದಲ್ಲಿ ಬಾಯಿ ಹಾಕಿದ್ದಕ್ಕೆ ಕೆಲಸ ಹೋದೀತು ಎಂಬ ಭಯ ಅವರ ಮುಖದಲ್ಲಿ ಕಾಣುತ್ತದೆ.

ನಳಿನಾಕ್ಷಿ ತಲೆ ಎತ್ತುತ್ತಾರೆ. ಚಂದವ್ವನ ಹಿಂದೆ ಕಾರಿಡಾರು, ಅದರ ತುದಿಯಲ್ಲಿ ಮೆಟ್ಟಿಲಿನ ಬಾಗಿಲು. ಬಂದು ಹೋದ ಹಾಲಿನವನು ಅದನ್ನು ಮುಚ್ಚದೆ ಬಿಟ್ಟಿದ್ದಾನೆ. ತಾಯಿ ದಡಕ್ಕನೆ ಅತ್ತ ತಿರುಗುತ್ತಾರೆ. ಆದರೆ ದಿಶಾ ಓಡಿಲ್ಲ. ಸೆರಗಿನ ಕೆಂಪು ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ, ಬಿಚ್ಚುತ್ತ ನಿಂತಿದ್ದಾಳೆ.

“ಒಂದು ತಿಂಗಳು ನೋಡೋಣ,” ಎನ್ನುತ್ತಾರೆ ನಳಿನಾಕ್ಷಿ. “ವ್ಯಾನಿನಲ್ಲಿ ಇವಳ ಪಕ್ಕ ನೀವೇ ಕೂರಬೇಕು ಮಾವಶಿ. ಒಂದು ದಿನವೂ ತಪ್ಪಬಾರದು.” ಪೂರ್ತಿ ಸೀಟಲ್ಲ, ಒಂದು ತಿಂಗಳು ಮಾತ್ರ. ಪ್ರಫುಲ್ಲಾರಿಗೆ ಉಸಿರು ಬಿಡಲು ಅಷ್ಟು ಸಾಕು.

ಹೊರಗೆ ಬಂದ ಮೇಲೆ, ನಿಮಗೇನು ಬೇಕು ಎಂದು ಚಂದವ್ವನನ್ನು ಕೇಳುತ್ತೇನೆ. ಪಗಾರ ಹೆಚ್ಚಿಸಬೇಕು ಎನ್ನುತ್ತಾರೇನೋ ಎಂದುಕೊಂಡಿದ್ದೆ. ಅವರು ಸೆರಗಿನ ಸುಕ್ಕು ನೀವುತ್ತಾರೆ.

“ಯೂನಿಫಾರ್ಮ್ ಕೊಡ್ಲಿ, ಒಲ್ಲೆ ಅನ್ನಂಗಿಲ್ಲ. ಸೀರಿ ಮ್ಯಾಲ ಶರ್ಟ್ ಅಷ್ಟ ಹಾಕ್ಕೋತೀನಿ ಅಂತ ನೀವರ ಮೇಡಮ್ಮಾರಿಗಿ ಒಂದ ಮಾತ ಹೇಳ್ರಿ. ಕೂಸು ಹಿಡಕೊಳ್ಳಾಕ ಏನರ ಇರಬೇಕಲ್ಲರೀ.”