ಅರ್ಧ ಕೋರ್ಟಿನ ಕೋಚ್

ಹೋದ ಭಾನುವಾರ ಮಸ್ಕಿ ಬಸ್ ಸ್ಟ್ಯಾಂಡಿನಲ್ಲಿ ಒಬ್ಬ ಹೆಣ್ಣುಮಗಳು ನನ್ನ ಕೈಗೆ ಒಂದು ಸೀಟಿ ಕೊಟ್ಟರು. ಆಟದ ಮೈದಾನದಲ್ಲಿ ಊದುತ್ತಾರಲ್ಲ, ಅದೇ ಸ್ಟೀಲಿನ ಸೀಟಿ.

"ಇಟ್ಕೋರಿ ಸರ್ರ. ನಿಮ್ಮ ಮನ್ಯಾಗ ಬೇಕಾಗ್ತದ" ಅಂದರು.

ಕೊಟ್ಟವರು ಶರಣಮ್ಮ ಮೇಡಂ. ಸಿಂಧನೂರಿನ ಒಂದು ಹೆಣ್ಣುಮಕ್ಕಳ ಕಾಲೇಜಿನಲ್ಲಿ ಹದಿನಾರು ವರ್ಷ ಬಾಸ್ಕೆಟ್‌ಬಾಲ್ ಕೋಚ್ ಆಗಿದ್ದವರು. ಹೌದು, ಆಗಿದ್ದವರು. ಹತ್ತು ದಿನದ ಹಿಂದೆ ಕಾಲೇಜು ಕಮಿಟಿಯವರು "ನಾಳಿಂದ ಬರೂದು ಬ್ಯಾಡ್ರಿ" ಅಂದರಂತೆ. (ಪರ್ಮನೆಂಟ್ ಅಲ್ಲವಲ್ಲ, ಒಂದು ಫೋನ್ ಸಾಕಾಯಿತು.)

ಸಂತೆಕಲ್ಲೂರಿನ ಜೋಳದ ಹೊಲದ ಮನೆಯಲ್ಲಿ ಹುಟ್ಟಿದ ಹೆಂಗಸು. ಮಸ್ಕಿಗೆ ಸೊಸೆಯಾಗಿ ಬಂದವರು. ದಿನಾ ಬೆಳಿಗ್ಗೆ ಮೊದಲ ಬಸ್ಸಿಗೆ ಸಿಂಧನೂರು. ಮೊದಲ ವರ್ಷ ಟೀಮಿಗೆ ಐದು ಜನ ಹುಡುಗಿಯರೂ ಸಿಗಲಿಲ್ಲ. ಮನೆಮನೆಗೆ ಹೋದರು. "ವಯಸ್ಸಿಗೆ ಬಂದ ಹುಡುಗಿ ಚಡ್ಡಿ ಹಾಕ್ಕೊಂಡು ಕುಣಿಬೇಕೇನ್ರಿ?" ಅಂದ ಅವ್ವಂದಿರ ಎದುರು ಕೂತು, ಕೊಟ್ಟ ಚಹಾ ಕುಡಿದು, "ಫುಲ್ ಪ್ಯಾಂಟ್ ಹಾಕಸ್ತೀನಿ ಯವ್ವಾ, ಸಂಜಿಮುಂದ ನಾನ ಮನಿ ಮುಟ್ಟಸ್ತೀನಿ" ಅಂತ ಮಾತು ಕೊಟ್ಟರು. ಮುಟ್ಟಿಸಿದರು ಕೂಡ. ಅವರ ಕೈಯಲ್ಲಿ ಪಳಗಿದವರಲ್ಲಿ ಇಬ್ಬರು ಈಗ ಪೊಲೀಸ್, ಒಬ್ಬಳು ಪಿಟಿ ಟೀಚರ್.

ಇನ್ನು ನನ್ನ ಘನಕಾರ್ಯ ಕೇಳಿ.

ಹೋದ ತಿಂಗಳು ಲಿಂಗಸುಗೂರಿನಲ್ಲಿ ಕಾಲೇಜು ಹುಡುಗಿಯರ ಟೂರ್ನಮೆಂಟ್ ಇತ್ತು. ನಾನೂ ಹೋಗಿದ್ದೆ, ಅತಿಥಿ ಅಂತ. ನಮ್ಮ ಸಿಂಧನೂರು ಟೀಮಿನ ಕ್ಯಾಪ್ಟನ್ ರೇಣುಕಾ ಚೆಂಡು ಪುಟಿಸುತ್ತಾ ಗಾಳಿಯ ಹಾಗೆ ಬಂದಳು. ಕೋರ್ಟಿನ ನಡುಗೆರೆ ಮುಟ್ಟಿದಳು. ನಿಂತುಬಿಟ್ಟಳು! ಎದುರು ಟೀಮಿನವಳು ಚೆಂಡು ಕಸಿದುಕೊಂಡು ಹೋದಳು. ಇನ್ನೊಬ್ಬಳು ಬಂದಳು, ಅವಳೂ ನಡುಗೆರೆಯಲ್ಲಿ ಗಕ್ಕನೆ ನಿಂತಳು. ಒಬ್ಬಳಂತೂ ಆಟದ ನಡುವೆಯೇ ಬಗ್ಗಿ ಬೂಟಿನ ಲೇಸಿಗೆ ಕೈ ಹಾಕಿದಳು. "ಏ, ಗಾಡಿ ಬಂದ್ ಬಿತ್ತಲೇ!" ಅಂತ ಯಾರೋ ಕೂಗಿದರು. ಎಲ್ಲರೂ ನಕ್ಕರು. ನಾನೂ ನಕ್ಕೆ.

ನಕ್ಕು ಸುಮ್ಮನಿದ್ದರೆ ಆಗುತ್ತಿತ್ತು. ಆ ವಾರ ಪೇಪರಿನ ಇದೇ ಅಂಕಣದಲ್ಲಿ ಬರೆದೆ: ನಮ್ಮ ಹುಡುಗಿಯರಿಗೆ ಅರ್ಧ ದಾರಿಗೇ ಉಸಿರು ಕಟ್ಟುತ್ತದೆ, ಇಷ್ಟು ವರ್ಷ ಕೋಚ್ ಮಾಡಿದ್ದೇನು? ನೆನಪಿದೆಯಾ? ನಿಮ್ಮಲ್ಲೇ ಎಷ್ಟೋ ಜನ ವಾಟ್ಸ್ಯಾಪಿನಲ್ಲಿ ಹೆಬ್ಬೆರಳು ಎತ್ತಿ ಶಭಾಷ್ ಅಂದಿರಿ. ಕಮಿಟಿಯವರು ಅದೇ ಪೇಪರ್ ಕತ್ತರಿಸಿ ಮೀಟಿಂಗಿನಲ್ಲಿ ಓದಿದರಂತೆ.

"ಬರಿಯೂಕಿಂತ ಮೊದಲ ಒಂದ್ಸಲ ಕೋರ್ಟಿಗೆ ಬರಬೇಕಿತ್ರಿ ಸರ್ರ" ಅಂದರು ಮೇಡಂ. ಸಿಟ್ಟು ಇರಲಿಲ್ಲ ದನಿಯಲ್ಲಿ. ಇದ್ದಿದ್ದರೆ ಚೆನ್ನಾಗಿತ್ತು.

ಆಮೇಲೆ ಅವರೇ ಹೇಳಿದರು: ಸುಗ್ಗಿ ಶುರುವಾದರೆ ಕಾಲೇಜಿನ ಕೋರ್ಟಿನ ಅರ್ಧಕ್ಕೆ ಭತ್ತ ಬೀಳುತ್ತದೆ. ಸಿಮೆಂಟ್ ನೆಲ, ಒಳ್ಳೆ ಬಿಸಿಲು, ಸುತ್ತ ಕಾಂಪೌಂಡ್. ಕಮಿಟಿಯಲ್ಲಿ ಇರುವವರೆಲ್ಲ ಕಾಲುವೆ ನೀರಿನ ಗದ್ದೆಯವರು. ಇನ್ನೆಲ್ಲಿ ಒಣಹಾಕುತ್ತಾರೆ ಪಾಪ! ಮೇಡಂ ಕೇಳಿದಾಗೆಲ್ಲ "ಎರಡ ದಿನ ತಡೀರಿ" ಅನ್ನುತ್ತಿದ್ದರು. ಒಬ್ಬರ ಎರಡು ದಿನ ಮುಗಿದರೆ ಇನ್ನೊಬ್ಬರ ಎರಡು ದಿನ. ವರ್ಷಕ್ಕೆ ಎರಡು ಬೆಳೆ ಬೇರೆ.

ಹುಡುಗಿಯರು ಉಳಿದರ್ಧದಲ್ಲಿ ಆಡಿದರು. ನಡುಗೆರೆ ಬಂತೆಂದರೆ ನಿಲ್ಲಬೇಕು, ಮುಂದೆ ಭತ್ತ. ಚೆಂಡು ಉರುಳಿ ಅದರೊಳಗೆ ಹೋದರೆ ಲೇಸ್ ಬಿಚ್ಚಿ, ಬೂಟು ತೆಗೆದು, ತುದಿಗಾಲಲ್ಲಿ ಹೋಗಿ, ಚೆಂಡಿಗೆ ಹತ್ತಿದ ಕಾಳನ್ನು ಕಣ್ಣಿಗೊತ್ತಿಕೊಂಡು ಬರಬೇಕು. ಲಕ್ಷ್ಮಿಯನ್ನು ಬೂಟುಗಾಲಲ್ಲಿ ತುಳಿಯುತ್ತಾರೆಯೇ?

ಲಿಂಗಸುಗೂರಿನ ನಡುಗೆರೆಯ ಆಚೆ ಭತ್ತ ಇರಲಿಲ್ಲ. ಅದು ಆ ಕಾಲುಗಳಿಗೆ ಗೊತ್ತಾಗಲಿಲ್ಲ.

"ಒಂದಿನ ಕಸಬರಿಗಿ ತಗೊಂಡು ಬಳದು ಒತ್ತಟ್ಟಿಗೆ ಹಾಕಬೇಕಿತ್ರಿ ನೀವು" ಅಂದೆ. ಬುದ್ಧಿ ಹೇಳೋದರಲ್ಲಿ ನಾನು ಹುಷಾರು.

"ಜ್ವಾಳದ ಮನ್ಯಾಗ ಹುಟ್ಟಿದಾಕಿ ಸರ್ರ. ಕಸಬರಿಗಿಲೆ ಕಾಳು ಬಳಿಯಾಕ ನನ್ನ ಕೈಲೂ ಆಗಲಿಲ್ಲ" ಅಂದರು. ಅವರ ಬಸ್ ಬಂತು. ಮೆಟ್ಟಿಲು ಹತ್ತಿ ತಿರುಗಿದರು. "ಈ ಸಲ ಅಲ್ಲಿ ಬಿದ್ದ ಭತ್ತ ಯಾರದು ಗೊತ್ತೇನ್ರಿ? ನಿಮ್ಮ ತಮ್ಮ ಅಮರೇಶಣ್ಣಂದು. ಸೀಟಿ ಅವ್ರಿಗೆ ಕೊಡ್ರಿ, ಗುಬ್ಬಿ ಓಡಸಾಕ ಬರ್ತದ."

ನನ್ನ ಮೈಯೆಲ್ಲ ಉರಿಯಿತು. ಯಾರ ಮೇಲೆ ಅಂತ ಮಾತ್ರ ಕೇಳಬೇಡಿ.

ವಳಕಮದಿನ್ನಿಯಲ್ಲಿರುವ ನಮ್ಮ ಗದ್ದೆ ನೋಡಿಕೊಳ್ಳೋನು ಅಮರೇಶ. ಕಮಿಟಿಯಲ್ಲೂ ಇದ್ದಾನೆ. ನನ್ನ ಪಾಲಿನ ಅಕ್ಕಿ ಮನೆಗೆ ಬರುತ್ತದೆ, ಉಣ್ಣುತ್ತೇನೆ. ಎಲ್ಲಿ ಒಣಗಿತು ಅಂತ ಯಾವತ್ತು ಕೇಳಿದ್ದೇನೆ?

ಮರುದಿನ ಸಂಜೆ ಕಾಲೇಜಿಗೆ ಹೋದೆ, ಜಗಳಕ್ಕೆ ರೆಡಿಯಾಗಿ. ಅಮರೇಶ ಭತ್ತದ ಪಕ್ಕ ಕುರ್ಚಿ ಹಾಕಿಕೊಂಡು ಕೂತಿದ್ದ.

"ಆಟ ಮುಂದಿನ ವರ್ಷಾನೂ ಬರ್ತದಣ್ಣ. ಭತ್ತ ಮಳಿಗೆ ನೆಂದ್ರ ತಿರುಗಿ ಬರ್ತದೇನು?" ಅಂದ. "ಮತ್ತ ಕೋಚ್ ಸರಿಯಿಲ್ಲಂತ ಬರದಾಂವ ನೀನ. ನಾವು ನಿನ್ನ ಮಾತು ಕೇಳೀವಿ, ಅಷ್ಟ."

ಅಷ್ಟರಲ್ಲಿ ಗುಬ್ಬಿಗಳು ಇಳಿದವು. "ಅಯ್ಯ, ನೋಡ್ಕೊಂತ ನಿಂತಿಯಲ್ಲ, ಓಡಸು!" ಅಂದ. ನಾನು ಜೇಬಿಗೆ ಕೈ ಹಾಕಿ, ಆ ಸೀಟಿ ತೆಗೆದು, ಊದಿಬಿಟ್ಟೆ. ನಾಚಿಕೆಗೆಟ್ಟವನು.

ಗುಬ್ಬಿಗಳು ಹಾರಲಿಲ್ಲ. ಆಚೆಯ ಅರ್ಧದಲ್ಲಿ ತಮ್ಮಷ್ಟಕ್ಕೆ ಆಡುತ್ತಿದ್ದ ಹುಡುಗಿಯರು ಮಾತ್ರ ಒಟ್ಟಿಗೆ ಗೇಟಿನ ಕಡೆ ತಿರುಗಿದರು. ರೇಣುಕಾ ಎರಡು ಹೆಜ್ಜೆ ಓಡಿದಳು ಕೂಡ. ಮೇಡಂ ಬಂದರು ಅಂದುಕೊಂಡಿರಬೇಕು.

ಹೊಸ ಕೋಚ್ ಬರುವ ಸೋಮವಾರ ಬರುತ್ತಾರಂತೆ. ನಮ್ಮ ಭತ್ತಕ್ಕೆ ಇನ್ನೂ ಎರಡು ಬಿಸಿಲು ಬೇಕು.