ವೈಜಯಂತಿ ತೆಗೆದ ಗುಮಟೆಯ ಫೋಟೊ

ಕಾರವಾರದಲ್ಲಿ ವೈಜಯಂತಿಯ ಸ್ಟುಡಿಯೊದೊಳಗೆ ಕೂತು ಎದ್ದವರಿಗೆಲ್ಲ ಅವಳ ಒಂದು ಮಾತು ಬಾಯಿಪಾಠ: "ಅಲ್ಲಾಡ್ಬೇಡಿ!" ಪಾಸ್‌ಪೋರ್ಟಿಗೋ ಗೋವಾದ ನೌಕರಿಗೋ ಫೋಟೊ ತೆಗೆಸಲು ಬಂದವರು ಆ ದನಿಗೆ ಉಸಿರು ಬಿಗಿಹಿಡಿಯುತ್ತಾರೆ. ಒಮ್ಮೆ ಊಟದ ಹೊತ್ತಿಗೂ ಅಭ್ಯಾಸಬಲದಿಂದ ಹಾಗೆಂದಳಂತೆ. ಗಂಡ ತುಳಸಿದಾಸ ಬಂಗಡೆ ಮೀನಿನ ತುತ್ತು ಕೈಯಲ್ಲಿ ಹಿಡಿದು ಹಾಗೇ ಕೂತನಂತೆ. ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು.

ಆದರೆ ಅವಳ ನಿಜವಾದ ಹುಚ್ಚು ಬೇರೆ. ಬಯಲಲ್ಲಿ ಯಾರೋ ಹಾಡುತ್ತಾರೆ, ಬಾರಿಸುತ್ತಾರೆ ಅಂದರೆ ಸಾಕು, ಸ್ಟುಡಿಯೊ ಬಾಗಿಲೆಳೆದು ಸ್ಕೂಟರ್ ಹತ್ತುತ್ತಾಳೆ. ಕಡಲದಂಡೆಯ ಭಜನೆ, ಮಾಜಾಳಿಯ ಮದುವೆ ಬ್ಯಾಂಡು, ಯಾವುದಾದರೂ ಸೈ. ಅದೂ ಮಬ್ಬು ಬೆಳಕಲ್ಲಿ, ಫ್ಲ್ಯಾಶ್ ಇಲ್ಲದೆ. "ಫ್ಲ್ಯಾಶ್ ಹೊಡೆದ್ರೆ ಹಾಡ್ತಿದ್ದವ ಕಳ್ಳ ಸಿಕ್ಕಿಬಿದ್ದಾಂಗೆ ಕಾಣ್ತಾನೆ" ಎನ್ನುವುದು ಅವಳ ತಕರಾರು.

ಈ ಹುಚ್ಚಿನ ಸುದ್ದಿ ಕೇಳಿಯೇ ಅಂಕೋಲೆ ಕಡೆಯ ಮಂಜಿ ಬಂದದ್ದು. ಬಸಳೆಯ ಕಟ್ಟನ್ನು ಪಕ್ಕಕ್ಕಿಟ್ಟು, ಸೆರಗಿನಡಿಯಿಂದ ಕಟ್ಟು ಹಾಕಿಸಿದ ಫೋಟೊ ತೆಗೆದಳು. ಅದರಲ್ಲಿ ಗಂಡ ಸೋಮು, ಮಡಕೆಗೆ ಚರ್ಮ ಬಿಗಿದ ಗುಮಟೆಯನ್ನು ಕೂಸಿನ ಹಾಗೆ ತೊಡೆಯ ಮೇಲಿಟ್ಟುಕೊಂಡು, ತುಟಿ ಹೊಲಿದವನಂತೆ ಕೂತಿದ್ದ.

"ಇದು ನನ್ನ ಗಂಡನಾ, ಗಡಿಕಲ್ಲಾ? ನೀನೇ ಹೇಳೇ ತಂಗೀ," ಅಂದಳು ಮಂಜಿ. "ಕ್ಯಾಮೆರಾ ಕಂಡ್ರೆ ಇವ್ರ ಬಾಯಿ ಬಂದ್! ಈಗ ಬುಜ ಹೋಗ್ಯದೆ. ಡಾಕ್ಟರು ಬಾರ್ಸೂದೇ ಬ್ಯಾಡ ಅಂದ್ರು. ಬರೂ ಆಯ್ತವಾರ ಕಡೇ ಸಲ ಹಾಡಿ, ಗುಮಟೆ ತಮ್ಮನ ಮಗ ಹರೀಶಂಗೆ ಕೊಡ್ತ್ರು. ಬಾರ್ಸೂ ಫೋಟೊ ನಂಗೆ ಒಂದಾದ್ರೂ ಬೇಕು."

ಆಯ್ತವಾರ ಹೊತ್ತು ಮುಳುಗುವಾಗ ಕೊಯ್ಲಾದ ಗದ್ದೆಯಲ್ಲಿ ಗುಮಟೆ ಮೇಳದವರು ಚಾಪೆ ಹಾಸಿ, ಬಿದಿರಿಗೊಂದು ಬಲ್ಬು ಕಟ್ಟಿದ್ದರು. ಸೋಮು ಶುರು ಮಾಡಿದ ನೋಡಿ, ಅಬ್ಬಬ್ಬಾ! ತಲೆ ತೂಗುತ್ತದೆ, ಕೈ ಹಾರುತ್ತದೆ. ಇರುವ ಚೂರು ಬೆಳಕಿಗೆ ಶಟರನ್ನು ಹೆಚ್ಚು ಹೊತ್ತು ತೆರೆದಿಡದೆ ಗತಿಯಿಲ್ಲ. ತೆರೆದಿಟ್ಟರೆ ಅಲ್ಲಾಡುವ ಸೋಮುವಿನ ಮುಖವೆಲ್ಲ ಕಲಸಿದ ಅಂಬಲಿ. ಹತ್ತು ತೆಗೆದರೂ ಅದೇ ಕತೆ. ಆಕಾಶದ ಬೆಳಕೂ ಜಾರುತ್ತಿತ್ತು. ಗಡಿಬಿಡಿಯಲ್ಲಿ ವೈಜಯಂತಿಯ ಬಾಯಿಂದ ಅದು ಬಂದೇಬಿಟ್ಟಿತು: "ಅಲ್ಲಾಡ್ಬೇಡಿ!"

ಹಾಡು ಟಕ್ಕನೆ ನಿಂತಿತು. ಮೇಳದವರೆಲ್ಲ ಸಾಲಾಗಿ ಭುಜಕ್ಕೆ ಭುಜ ತಾಗಿಸಿ, ತುಟಿ ಬಿಗಿದು, ಕ್ಯಾಮೆರಾ ನೋಡುತ್ತ ಕೂತರು. ನಡುವೆ ಸೋಮು, ಥೇಟ್ ಹಳೇ ಗಡಿಕಲ್ಲು.

"ಅಯ್ಯೋ, ನೀನೂ ಆ ಹಳೇ ಫೋಟೊ ತೆಗ್ದವ್ರ ಹಂಗೇ ಆದ್ಯಲ್ಲೇ!" ಮಂಜಿ ಹಣೆ ಚಚ್ಚಿಕೊಂಡಳು.

ವೈಜಯಂತಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಕ್ಯಾಮೆರಾ ಮಡಿಲಿಗಿಳಿಸಿ ಮಂಜಿಯ ಪಕ್ಕ ಕೂತಳು. "ತಪ್ಪಾಯ್ತು ಸೋಮಣ್ಣ. ನೀವು ಹಾಡಿ. ನಾನು ಮೊದ್ಲು ಕೇಳ್ತೆ."

ಸೋಮು ಭುಜ ನೀವಿಕೊಂಡು ಮತ್ತೆ ಹಾಡೆತ್ತಿದ. ಅವಳು ಬರೀ ಕೇಳಿದಳು, ಕೈತಟ್ಟಿದಳು. ಎರಡನೆಯ ಸುತ್ತಿನಲ್ಲಿ ಅವಳಿಗೊಂದು ಹೊಳೆಯಿತು. ಪ್ರತಿ ನುಡಿಯ ಕೊನೆಗೆ ಸೋಮು ದನಿಯನ್ನು ಉದ್ದಕ್ಕೆ ಎಳೆದು, ಮುಖವೆತ್ತಿ, ಉಳಿದವರು ಎತ್ತಿಕೊಳ್ಳುವವರೆಗೆ ಕಾಯುತ್ತಾನೆ. ಕೈ ಬಾರಿಸುತ್ತಲೇ ಇರುತ್ತದೆ, ತಲೆ ಮಾತ್ರ ನಿಲ್ಲುತ್ತದೆ. ಅವನಿಗೆ ಯಾರೂ ಏನೂ ಹೇಳಬೇಕಾಗಿಲ್ಲ, ಹಾಡೇ ಅವನನ್ನು ನಿಲ್ಲಿಸುತ್ತದೆ.

ಮುಂದಿನ ನುಡಿಗೆ ಅವಳು ಮೊಣಕೈಗಳನ್ನು ಮಂಡಿಗೆ ಊರಿ ಕ್ಯಾಮೆರಾ ಎತ್ತಿದಳು. ಅಲ್ಲಾಡಬೇಡ ಎಂದು ಈ ಸಲ ತನಗೇ ಹೇಳಿಕೊಂಡು ಉಸಿರು ಹಿಡಿದಳು. ಶಟರಿನ ಸದ್ದು ಗುಮಟೆಗಳ ನಡುವೆ ಯಾರಿಗೂ ಕೇಳಲಿಲ್ಲ.

ಹಾಡು ಮುಗಿಸಿ ಸೋಮು ಗುಮಟೆಯನ್ನು ಹರೀಶನ ಮಡಿಲಲ್ಲಿಟ್ಟ. ಮಂಜಿ ಅತ್ತಳು.

ಮುಂದಿನ ವಾರ ಗಂಡ ಹೆಂಡತಿ ಇಬ್ಬರೂ ಸ್ಟುಡಿಯೊಕ್ಕೆ ಬಂದರು. ದೊಡ್ಡ ಫೋಟೊದಲ್ಲಿ ಸೋಮುವಿನ ಮುಖ ನಿಚ್ಚಳ, ಕತ್ತಿನ ನರ ಉಬ್ಬಿದೆ, ಬಾಯಿ ಅಗಲಕ್ಕೆ ತೆರೆದಿದೆ. ಕೈ ಮಾತ್ರ ಹೊಗೆ. ಸೋಮು ಬಗ್ಗಿ ನೋಡಿ ಮುಖ ಸಿಂಡರಿಸಿದ.

"ಹಲ್ಲು ಹೋದ ಜಾಗೆಲ್ಲ ಕಾಣ್ತದಲ್ಲ! ಕೈಯೂ ಸಮಾ ಬರ್ಲಿಲ್ಲ. ಇನ್ನೊಂದ್ ತೆಗಿ ತಂಗೀ, ಬಾಯಿ ಮುಚ್ಕಂಡು ಕೂತ್ಕಳ್ತೆ."

ಮಂಜಿ ಫೋಟೊವನ್ನು ಎದೆಗವಚಿಕೊಂಡಳು. "ಇನ್ ಮೇಲೆ ಮನೇಲಿ ಬಾಯಿ ಮುಚ್ಕಂಡೇ ಕೂತ್ಕಳೂದಲ್ವಾ ನೀವು? ನಂಗೆ ಇದಿರ್ಲಿ."

ಸೋಮು ನೋವಿಲ್ಲದ ಕೈಯ ಬೆರಳುಗಳಿಂದ ಮೇಜಿನ ಮೇಲೆ ಮೆಲ್ಲಗೆ ತಾಳ ಹಾಕುತ್ತ ಹೆಂಡತಿಗಾಗಿ ಒಂದು ನುಡಿ ಎತ್ತಿದ. ವೈಜಯಂತಿ ಕ್ಯಾಮೆರಾ ಮುಟ್ಟಲಿಲ್ಲ.