ಖಾಲಿ ಪುಟದ ಕೆಳಗಿನ ಸಹಿ

ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಮರುವರ್ಷ ನಾನು ಅಲ್ಲಿನ ಒಂದು ನೋಂದಣಿ ಕಚೇರಿಗೆ ಸಬ್‌ರಿಜಿಸ್ಟ್ರಾರ್ ಆಗಿ ಹೋದೆ. ಜನ ತರುವ ಕ್ರಯಪತ್ರ, ದಾನಪತ್ರಗಳನ್ನು ದಪ್ಪ ಪುಸ್ತಕದಲ್ಲಿ ಅಕ್ಷರಶಃ ನಕಲು ಮಾಡಿಡುವುದು ನಮ್ಮ ಕೆಲಸ. ಮೂಲ ಪತ್ರ ಕಳೆದರೂ ಪುಸ್ತಕ ಉಳಿಯುತ್ತದೆ ಎಂಬ ಭರವಸೆಯ ಮೇಲೆ ಇಡೀ ಇಲಾಖೆ ನಿಂತಿದೆ.

ನಾನೋ ಹುಟ್ಟಾ ಸಂಶಯದ ಮನುಷ್ಯ. ಗುಮಾಸ್ತ ಸುಬ್ಬಯ್ಯ ಯಾರೊಂದಿಗಾದರೂ ನಕ್ಕು ಮಾತಾಡಿದರೆ ನನಗೆ ತಲೆಬಿಸಿ.

ಒಂದು ಮಳೆಗಾಲ ಮುಗಿಯುತ್ತಲೇ ಭಾಗಮಂಡಲದ ಕಡೆಯ ಸೀತಮ್ಮ ಎಂಬ ವಿಧವೆ ಬಂದರು. ಮಳೆ ಜೋರಾಗಿದ್ದ ಆಟಿ ತಿಂಗಳಲ್ಲಿ ಅವರ ಮಾವ ಎರಡು ಗದ್ದೆ ಅವರ ಹೆಸರಿಗೆ ದಾನಪತ್ರ ಮಾಡಿ, ನಮ್ಮಲ್ಲೇ ನೋಂದಾಯಿಸಿದ್ದರು. ಈಗ ಮಾವ ಇಲ್ಲ. ಪತ್ರ ಮನೆಯ ಪೆಟ್ಟಿಗೆಯಿಂದ ಮಾಯವಾಗಿದೆ. ಗದ್ದೆ ತನ್ನದೇ ಎಂದು ಮೈದುನ ಕೂತಿದ್ದಾನೆ. ಆಕೆಗೆ ಪುಸ್ತಕದ ನಕಲು ಬೇಕಿತ್ತು.

"ಪತ್ರ ಕೊಡುವಾಗ 'ಆಯ್ತಮ್ಮ, ಇನ್ನು ಹೆದರಿಕೆ ಇಲ್ಲ' ಅಂತ ನೀವೇ ಹೇಳಿದ್ರಿ ಸ್ವಾಮಿ," ಎಂದರು.

ಪುಟ ತೆಗೆದೆ. ಖಾಲಿ! ಮೈದುನ ಸುಬ್ಬಯ್ಯನ ಕೈ ಬೆಚ್ಚಗೆ ಮಾಡಿದ್ದಾನೆಂದು ಆ ಕ್ಷಣವೇ ತೀರ್ಮಾನಿಸಿ, ಕರೆದು ಜೋರು ಮಾಡಿದೆ. ಅವನು ವಿಷಯ ಬಿಚ್ಚಿದ.

"ಮಳೇಲಿ ಪುಸ್ತಕದ ಕಾಗದ ಥಂಡಿ ಹಿಡೀತದೆ ಸಾರ್, ಶಾಯಿ ಹರಡ್ತದೆ. ಅದಕ್ಕೇ ಬಿಡಿ ಹಾಳೇಲಿ ಬರ್ದಿಟ್ಟು, ಬಿಸಿಲು ಬಂದ ಮೇಲೆ ಪುಸ್ತಕಕ್ಕೆ ಏರಿಸೋದು. ಮುಂಚಿನ ಸಾಹೇಬ್ರ ಕಾಲದಿಂದ್ಲೂ ಹಾಗೇ."

ಆ ಹಾಳೆಗಳಿದ್ದ ತಗಡಿನ ಪೆಟ್ಟಿಗೆಯ ಮೇಲೆ ಹೆಂಚು ಸೋರಿತ್ತು. ಒಳಗೆ ನೀಲಿ ಮುದ್ದೆಯೊಂದೇ ಉಳಿದಿತ್ತು. ಹೇಳಲು ಹೆದರಿ ಅವನು ಬಾಯಿ ಮುಚ್ಚಿಕೊಂಡಿದ್ದ. ಆದರೂ ನಾನು ನಂಬಲಿಲ್ಲ. ಪುಸ್ತಕವನ್ನು ಮತ್ತೆ ತಿರುವಿದೆ. ಆ ಮಳೆಗಾಲದ ಪುಟಗಳೆಲ್ಲ ಖಾಲಿ, ಪ್ರತಿಯೊಂದರ ಕೆಳಗೂ "ನಕಲು ಹೋಲಿಸಿ ನೋಡಿದೆ" ಎಂದು ಒಂದು ಸಹಿ. ಸಹಿ ನನ್ನದು. ಸುಬ್ಬಯ್ಯ ಸಂಜೆ ಪುಟ ಬಿಡಿಸಿ ಹಿಡಿದಲ್ಲಿ, ಬಸ್ಸಿನ ಹೊತ್ತಾಯಿತೆಂದು ಗೀಚಿ ಹೊರಡುತ್ತಿದ್ದೆ.

ಪತ್ರಕ್ಕೆ ಸಾಕ್ಷಿ ಹಾಕಿದವರು ಅಷ್ಟರಲ್ಲಿ ಮೈದುನನ ಕಡೆ ಸೇರಿದ್ದರು. ಸೀತಮ್ಮ ಕೋರ್ಟಿಗೆ ಹೋದರು. ಅಲ್ಲಿ ಮುನ್ಸೀಫರು ಪುಸ್ತಕ ಎತ್ತಿ ಹಿಡಿದು ನನ್ನನ್ನು ಕೇಳಿದರು: "ಈ ಸಹಿ ನಿಮ್ಮದೇ?"

"ಹೌದು."

"ಹಾಗಾದರೆ ಪತ್ರದಲ್ಲಿದ್ದದ್ದು ಯಾವ ಗದ್ದೆ, ಗಡಿ ಯಾವುದು?"

"ಹೇಳಲಾರೆ ಸ್ವಾಮಿ." ನಾಚಿಕೆಯಿಂದ ಸತ್ತುಹೋದೆ.

ಸೀತಮ್ಮ ಸೋತರು. ಸುಬ್ಬಯ್ಯನ ಮೇಲೆ ನಾನು ಹೊರಿಸಿದ್ದ ಲಂಚದ ಆರೋಪ ನಿಲ್ಲಲಿಲ್ಲ. ಅವನು ಒಂದು ಕಾಸು ಮುಟ್ಟಿರಲಿಲ್ಲ. ನನಗೆ ಇಲಾಖೆಯಿಂದ ಎಚ್ಚರಿಕೆಯ ಪತ್ರ ಬಂತು, ಅಷ್ಟೇ.

ಊರಲ್ಲೆಲ್ಲ ಕಳ್ಳನನ್ನು ಹುಡುಕುತ್ತಿದ್ದ ನಾನು, ನನ್ನ ಕೈಯನ್ನು ಮಾತ್ರ ಸಂಶಯಿಸಿರಲಿಲ್ಲ. ಉದ್ಯೋಗ ಕಲಿಸಿದ ಪಾಠ ಅದು. ಅದರ ಶುಲ್ಕ ಕೊಟ್ಟವರು ಸೀತಮ್ಮ: ಮರುವರ್ಷ ಅವರು ಒಂದು ಎಸ್ಟೇಟಿನ ಕೂಲಿಯವರ ಲೈನ್‌ಮನೆಯಲ್ಲಿದ್ದುಕೊಂಡು ಕಾಫಿ ಪಿಕ್ಕಿಂಗಿಗೆ ಹೋಗುತ್ತಿದ್ದರು.